ಏಳನೇ ಬೆಡ್‌ನವರ ಮಗಳು

ಪ್ರಶ್ನೆ: ನನಗೆ 32 ವರ್ಷ. ಒಂಬತ್ತು ವರ್ಷದಿಂದ ಐಸಿಯು ನರ್ಸ್. ಯಾರೋ ಹೇಳಿದರು ಅಂತ ಈ ಕೆಲಸಕ್ಕೆ ಸೇರಿದವಳಲ್ಲ, ಇಷ್ಟಪಟ್ಟೇ ಬಂದೆ. ಈಗ ಒಂದು ವರ್ಷದಿಂದ ಡ್ಯೂಟಿಗೆ ಹೊರಡುವಾಗ ಹೊಟ್ಟೆಯಲ್ಲಿ ಸಂಕಟ. ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಸುಮ್ನೆ ಕೂತಿರುತ್ತೇನೆ. ತಿಂಗಳಿಗೆ ಹನ್ನೆರಡು ನೈಟ್. ಜನ ಕಡಿಮೆ ಇದ್ದ ದಿನ ನಾಲ್ಕು ವೆಂಟಿಲೇಟರ್ ರೋಗಿಗಳನ್ನು ನಾನೊಬ್ಬಳೇ ನೋಡಬೇಕು. ಮೊದಲೆಲ್ಲ ಯಾರಾದರೂ ತೀರಿಕೊಂಡರೆ ಬಾತ್‌ರೂಮಿಗೆ ಹೋಗಿ ಅಳುತ್ತಿದ್ದೆ. ಈಗ ಮುಂದಿನ ಅಡ್ಮಿಷನ್‌ಗೆ ಬೆಡ್ ರೆಡಿ ಮಾಡಬೇಕು ಅನ್ನುವುದಷ್ಟೇ ತಲೆಗೆ ಬರುತ್ತದೆ. ಕಳೆದ ವಾರ ಏಳನೇ ಬೆಡ್‌ನವರ ಮಗಳು ಮೂರನೇ ಸಲ ಬಂದು "ಅಪ್ಪ ಕಣ್ಣು ಬಿಟ್ರಾ ಸಿಸ್ಟರ್?" ಎಂದಳು. "ಬಿಟ್ರೆ ನಾವೇ ಹೇಳ್ತೀವಿ, ಹೊರಗೆ ಕೂತ್ಕೊಳ್ಳಿ" ಎಂದು ರೇಗಿದೆ. ಅವರು ಈಗ ಸುಧಾರಿಸಿ ವಾರ್ಡ್‌ಗೆ ಹೋಗಿದ್ದಾರೆ. ಆ ಹುಡುಗಿಯ ಮುಖ ಮಾತ್ರ ಕಣ್ಣಿಂದ ಹೋಗುತ್ತಿಲ್ಲ. ಅದೇ ರಾತ್ರಿ ನಾಲ್ಕು ಗಂಟೆಗೆ, ಔಷಧಿಯನ್ನು ಅಳತೆಯಲ್ಲಿ ಮೈಗೆ ಬಿಡುವ ಇನ್‌ಫ್ಯೂಷನ್ ಪಂಪ್‌ನಲ್ಲಿ 5 ಹಾಕುವ ಕಡೆ 50 ಒತ್ತಿದ್ದೆ. ಸ್ಟಾರ್ಟ್ ಮಾಡುವ ಮೊದಲೇ ಸೀನಿಯರ್ ನೋಡಿ ತಡೆದರು. ಇದನ್ನು ಬೇರೆ ಯಾರಿಗೂ ಹೇಳಿಲ್ಲ. ರಾಜೀನಾಮೆ ಪತ್ರ ಬರೆದು ಬ್ಯಾಗಲ್ಲಿ ಇಟ್ಟುಕೊಂಡಿದ್ದೇನೆ. ಮನೆಯವರು "ಇದು ಸೇವೆ, ಕಷ್ಟ ಯಾವ ಕೆಲಸದಲ್ಲಿಲ್ಲ?" ಅನ್ನುತ್ತಾರೆ. ನಾನು ಬಿಟ್ಟರೆ ಉಳಿದ ಸಿಸ್ಟರ್‌ಗಳ ಗತಿ ಏನು ಅಂತಲೂ ಅನಿಸುತ್ತದೆ. ಕೆಲವು ಸಲ, ದಾರಿಯಲ್ಲೇ ಏನಾದರೂ ಆಗಿ ನಾನೇ ಒಂದು ಬೆಡ್‌ನಲ್ಲಿ ಮಲಗಿಬಿಟ್ಟರೆ ಸಾಕು ಅನಿಸುತ್ತದೆ. ನಾನು ಕಲ್ಲಾಗಿಬಿಟ್ಟೆನಾ? ಕೆಲಸ ಬಿಡಲಾ, ಇರಲಾ?

ಉತ್ತರ:

ಪ್ರೀತಿಯ ಸಿಸ್ಟರ್,

ನೀವು ಕೇಳಿದ ಪ್ರಶ್ನೆಗಿಂತ ಮೊದಲು, ನೀವು ಹೇಳಿ ಮುಂದೆ ಹೋಗಿಬಿಟ್ಟ ಒಂದು ಮಾತಿಗೆ ಬರುತ್ತೇನೆ. ದಾರಿಯಲ್ಲಿ ಏನಾದರೂ ಆಗಲಿ ಅನಿಸುತ್ತದೆ ಅಂದಿರಲ್ಲ, ಅದಕ್ಕೆ. ಇದನ್ನು ನಾನು ಬಹಳ ನರ್ಸ್‌ಗಳ ಬಾಯಲ್ಲಿ ಕೇಳಿದ್ದೇನೆ. ಹೆಚ್ಚಿನ ಸಲ ಅದು, ರಜೆ ಕೇಳಲು ಬಾಯಿ ಬಾರದ ದೇಹ ಆಡುವ ಮಾತು. ಆದರೆ ಪ್ರತಿ ಸಲವೂ ಅಷ್ಟೇ ಆಗಿರುವುದಿಲ್ಲ. ಇಂಗ್ಲೆಂಡ್‌ನಲ್ಲಿ 2011ರಿಂದ 2015ರವರೆಗಿನ ಲೆಕ್ಕ ತೆಗೆದಾಗ, ಮಹಿಳಾ ನರ್ಸ್‌ಗಳ ಆತ್ಮಹತ್ಯೆಯ ಪ್ರಮಾಣ ಅಲ್ಲಿನ ಮಹಿಳೆಯರ ಸರಾಸರಿಗಿಂತ ಶೇ 23ರಷ್ಟು ಜಾಸ್ತಿ ಇತ್ತು. ಹಾಗಾಗಿ ನೇರವಾಗಿಯೇ ಕೇಳುತ್ತೇನೆ. ಬದುಕೇ ಬೇಡ ಅನಿಸಿದೆಯಾ? ಹೇಗೆ, ಯಾವಾಗ ಅಂತ ಮನಸ್ಸು ಯೋಚಿಸಿದೆಯಾ? ಒಂದು ಸಲವಾದರೂ ಹೌದು ಅಂತಾದರೆ, ಈ ಪತ್ರದ ಉಳಿದ ಭಾಗವನ್ನು ನಾಳೆ ಓದಿ. ಇವತ್ತು ಮನೆಯಲ್ಲಿ ಒಬ್ಬರಿಗೆ ಇದೇ ಮಾತನ್ನು ಬಾಯಿಬಿಟ್ಟು ಹೇಳಿ. ಮನೋವೈದ್ಯರನ್ನು ಕಾಣಿ. ಡಾಕ್ಟರ್ ಸಿಗುವವರೆಗೆ ಆತ್ಮಹತ್ಯೆ ತಡೆ ಸಹಾಯವಾಣಿಗೆ ಕರೆ ಮಾಡಿ, ಒಬ್ಬರೇ ಇರಬೇಡಿ. ಅವತ್ತಿನ ಡ್ಯೂಟಿ ಯಾರು ಮಾಡುತ್ತಾರೆ ಅನ್ನುವ ಯೋಚನೆ ನಿಮಗೆ ಬೇಡ. ನಿಮ್ಮ ರೋಗಿಯೊಬ್ಬರು ಇದೇ ಮಾತು ಹೇಳಿದ್ದರೆ ನೀವು ಕೂಡಲೇ ಚಾರ್ಟ್‌ನಲ್ಲಿ ಬರೆದು ಡಾಕ್ಟರನ್ನು ಕರೆಯುತ್ತಿದ್ದಿರಿ, ಅಲ್ವಾ? ಅಷ್ಟೇ ಗಂಭೀರವಾಗಿ ನಿಮ್ಮನ್ನು ನೀವು ನೋಡಿಕೊಳ್ಳಿ.

ಈಗ ಕಲ್ಲಿನ ವಿಷಯ.

ನಾನು ಹದಿನಾಲ್ಕು ವರ್ಷ ವಾರ್ಡ್‌ನಲ್ಲಿ ನರ್ಸ್ ಆಗಿದ್ದು, ಆಮೇಲೆ ಆಪ್ತ ಸಮಾಲೋಚನೆ ಕಲಿತವಳು. ಆರನೇ ವರ್ಷವೋ ಏಳನೆಯದೋ ಇರಬೇಕು, ಒಂದು ದಿನ ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಡುವಾಗ ಒಬ್ಬ ರೋಗಿಯ ಹೆಸರೂ ನನಗೆ ನೆನಪಿರಲಿಲ್ಲ. "ಮೂರಕ್ಕೆ ಜ್ವರ, ಹತ್ತಕ್ಕೆ ಡ್ರಿಪ್" ಅಂತಲೇ ಮುಗಿಸಿದೆ. ಮನೆಗೆ ಬಂದ ಮೇಲೆ ನನ್ನ ಬಗ್ಗೆ ನನಗೇ ಹೆದರಿಕೆಯಾಯಿತು. ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ಮನಶ್ಶಾಸ್ತ್ರಜ್ಞೆ 1981ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಇದನ್ನು, ಅಂದರೆ ಕೆಲಸದ ಒತ್ತಡದಲ್ಲಿ ಬಸವಳಿದುಹೋಗುವ 'ಬರ್ನೌಟ್' ಅನ್ನು, ಅಳೆಯುವ ಒಂದು ಪ್ರಶ್ನಾವಳಿ ಮಾಡಿದರು. ಅದನ್ನು ಬಹಳ ತಡವಾಗಿ ಓದಿದೆ. ಬರ್ನೌಟ್ ಅಂದರೆ ಬರೀ ಸುಸ್ತಲ್ಲ, ಅದಕ್ಕೆ ಮೂರು ಮುಖ ಎಂದು ಅವರು ತೋರಿಸಿದರು. ಒಂದು, ಒಳಗೆ ಏನೂ ಉಳಿದಿಲ್ಲ ಅನ್ನುವಷ್ಟು ದಣಿವು. ಇನ್ನೊಂದು, ನಾನು ಮಾಡಿದ್ದರಿಂದ ಏನೂ ಉಪಯೋಗವಿಲ್ಲ ಅನಿಸುವುದು. ಮತ್ತೊಂದೇ ನಿಮ್ಮ 'ಕಲ್ಲು'. ಎದುರಿಗಿರುವವರನ್ನು ಮನುಷ್ಯರಾಗಿ ನೋಡಲು ಆಗದೆ, ಕೆಲಸದ ಒಂದು ತುಂಡಾಗಿ ನೋಡುವುದು. ದಿನವೂ ಅಷ್ಟೊಂದು ನೋವನ್ನು ಹತ್ತಿರದಿಂದ ನೋಡುವ ಮನಸ್ಸು, ಪೂರ್ತಿ ಮುರಿದುಬೀಳಬಾರದು ಅಂತ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಕೆಟ್ಟವರಿಗೆ ಹೀಗಾಗುವುದಲ್ಲ. ಮೊದಲು ಬಾತ್‌ರೂಮಿಗೆ ಹೋಗಿ ಅಳುತ್ತಿದ್ದವರಿಗೇ ಆಗುವುದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಯನ್ನು ಹೊಸದು ಮಾಡಿದಾಗ ಬರ್ನೌಟನ್ನೂ ಅದರಲ್ಲಿ ಸೇರಿಸಿತು. ಆದರೆ ರೋಗ ಎಂದು ಕರೆಯಲಿಲ್ಲ. ಕೆಲಸದ ಜಾಗದಲ್ಲಿ ಬಹಳ ಕಾಲದಿಂದ ಇರುವ, ಸರಿಯಾಗಿ ನಿಭಾಯಿಸದೆ ಬಿಟ್ಟ ಒತ್ತಡದಿಂದ ಬರುವಂಥದ್ದು ಎಂದಿತು. ನನಗೆ ಇದು ತುಂಬಾ ಮುಖ್ಯವಾದ ಮಾತು. ಏಕೆಂದರೆ ಇಷ್ಟು ದಿನ ನೀವು ತಪ್ಪನ್ನು ನಿಮ್ಮೊಳಗೇ ಹುಡುಕಿದ್ದೀರಿ. ಸ್ವಲ್ಪ ರೋಸ್ಟರ್ ಕಡೆಗೂ, ಆ ಡ್ಯೂಟಿ ಪಟ್ಟಿಯ ಕಡೆಗೂ ನೋಡಿ.

ನಾಲ್ಕು ವೆಂಟಿಲೇಟರ್ ಅಂದಿರಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನಿಯಮದಂತೆ ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ. ನೀವು ಮಾಡುತ್ತಿರುವುದು ಅದರ ಎರಡರಷ್ಟು, ಅದೂ ರಾತ್ರಿ. ಇದು ನರ್ಸ್‌ಗಳ ಸುಖಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. 2002ರಲ್ಲಿ ಲಿಂಡಾ ಏಕನ್ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು ಅಮೆರಿಕದ್ದೇ ಆದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಲೆಕ್ಕ ನೋಡಿದರು. ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಜಾಸ್ತಿಯಾದಂತೆಲ್ಲ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ನರ್ಸ್ ಬರ್ನೌಟ್ ಆಗುವ ಸಂಭವ ಶೇ 23ರಷ್ಟು ಏರುತ್ತಿತ್ತು. ರೋಗಿಯ ಜೀವ, ನರ್ಸ್ ಮನಸ್ಸು ಎರಡೂ ಒಂದೇ ಹಗ್ಗಕ್ಕೆ ಕಟ್ಟಿವೆ. ಇದಕ್ಕೇ 'ಸೇವೆ' ಅನ್ನುವ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಸೇವೆ ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬರ ಮೇಲೆ ಹೇರಿ, ಅದಕ್ಕೆ ಆ ಹೆಸರು ಇಟ್ಟರೆ, ಸುಸ್ತಾಗಿದೆ ಅಂತ ಹೇಳುವ ದಾರಿಯೂ ಮುಚ್ಚಿಹೋಗುತ್ತದೆ. ಮನೆಯವರಿಗೆ ಇದನ್ನು ಬಿಡಿಸಿ ಹೇಳಿ. ಅವರು ಕೆಟ್ಟ ಮನಸ್ಸಿನಿಂದ ಹೇಳುತ್ತಿಲ್ಲ, ನಿಮ್ಮ ರಾತ್ರಿ ಹೇಗಿರುತ್ತದೆ ಅಂತ ಅವರು ನೋಡಿಲ್ಲ ಅಷ್ಟೇ.

5 ಮತ್ತು 50ರ ಬಗ್ಗೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಇದೇ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಒಂದು ಪರೀಕ್ಷೆ ಮಾಡಿದರು. ಸತತ 17 ಗಂಟೆ ಎಚ್ಚರವಿದ್ದವರ ಗಮನ ಮತ್ತು ಕೈಚಳಕ, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. ಹಗಲು ಸರಿಯಾಗಿ ನಿದ್ದೆ ಮಾಡದೆ ನೈಟ್‌ಗೆ ಬಂದವರು ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಹೆಚ್ಚು ಹೊತ್ತು ಎದ್ದಿರುತ್ತಾರೆ. ದೇಹದ ಗಡಿಯಾರವೂ ಆ ಹೊತ್ತಿಗೇ ತೀರಾ ಕೆಳಗೆ ಇಳಿದಿರುತ್ತದೆ. ಒಂದು ಸೊನ್ನೆ ಜಾಸ್ತಿ ಬಿದ್ದದ್ದು ನಿಮ್ಮ ಯೋಗ್ಯತೆಯ ಅಳತೆಯಲ್ಲ.

ಆದರೂ ಅದನ್ನು ಮುಚ್ಚಿಡಬೇಡಿ. ಇನ್‌ಚಾರ್ಜ್ ಸಿಸ್ಟರ್‌ಗೆ ಬರೆದು ಕೊಡಿ. ಎಷ್ಟು ಗಂಟೆ, ಯಾವ ಔಷಧಿ, ಎಷ್ಟನೇ ನೈಟ್, ಎಷ್ಟು ರೋಗಿಗಳು, ಯಾರು ತಡೆದರು, ಎಲ್ಲವನ್ನೂ. ಇದನ್ನು ಹೇಳುವ ಹಕ್ಕು ನನಗೆ ಸುಮ್ನೆ ಬಂದದ್ದಲ್ಲ. ನನ್ನ ಕೈಯಲ್ಲಿ ಒಂದು ಸಲ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಹೋಯಿತು. ಅವರಿಗೆ ಅಪಾಯವಾಗಲಿಲ್ಲ. ನಾನು ಹೇಳಿದೆ, ಬೈಸಿಕೊಂಡೆ, ಅಷ್ಟಕ್ಕೆ ಮುಗಿಯಿತು ಅಂತ ಎಲ್ಲರೂ ತಿಳಿದರು. ನಾನು ಮಾತ್ರ ಎರಡು ತಿಂಗಳು ಸಿರಿಂಜ್ ಹಿಡಿದಾಗಲೆಲ್ಲ ಲೇಬಲನ್ನು ಐದೈದು ಸಲ ಓದುತ್ತಿದ್ದೆ. "ನೀನು ಹೇಗಿದ್ದೀಯ?" ಅಂತ ಒಬ್ಬರೂ ಕೇಳಲಿಲ್ಲ. ಆಲ್ಬರ್ಟ್ ವು ಎಂಬ ವೈದ್ಯರು 2000ದಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ತಪ್ಪಾದಾಗ ಮೊದಲು ನೋಯುವವರು ರೋಗಿ, ಅದೇ ತಪ್ಪಿನಲ್ಲಿ ನೋಯುವ ಎರಡನೆಯವರು ಆ ಕೆಲಸ ಮಾಡಿದವರು, ಎಂದು. ನಿಮ್ಮನ್ನು ತಡೆದ ಆ ಸೀನಿಯರ್ ಹತ್ತಿರ ಕೂತು ಮಾತಾಡಿ. ಆ ಗಳಿಗೆ ಏನಾಯಿತು ಅಂತ ಗೊತ್ತಿರುವ ಒಬ್ಬರೇ ಅವರು. ಖಂಡಿತ ಅವರಿಗೂ ಇಂಥದ್ದೊಂದು ರಾತ್ರಿ ಇರುತ್ತದೆ.

ಇನ್ನು ಬಿಡುವುದೋ ಇರುವುದೋ.

ಬ್ಯಾಗಿನಲ್ಲಿರುವ ಪತ್ರವನ್ನು ಈ ತಿಂಗಳು ಕೊಡಬೇಡಿ. ಹರಿಯಲೂ ಬೇಡಿ. ನಿದ್ದೆಗೆಟ್ಟ ತಲೆಗೆ ಎರಡೇ ಬಾಗಿಲು ಕಾಣುತ್ತವೆ, ಇಲ್ಲೇ ಸಾಯುವುದು ಅಥವಾ ಓಡಿಹೋಗುವುದು. ಮೊದಲು ರಜೆ ತೆಗೆದುಕೊಳ್ಳಿ. ಎರಡು ದಿನ ಸಾಲದು, ಎರಡು ವಾರವಾದರೂ ಬೇಕು. ಮೊದಲ ನಾಲ್ಕೈದು ದಿನ ಬರೀ ನಿದ್ದೆಯಲ್ಲಿ ಹೋಗುತ್ತದೆ, ಹೋಗಲಿ. ಆ ಹೊತ್ತಿನಲ್ಲಿ ಒಬ್ಬ ವೈದ್ಯರನ್ನೂ ಕಂಡು ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿಕೊಳ್ಳಿ. ಊರಿನವರಿಗೆಲ್ಲ ಬ್ಲಡ್ ತೆಗೆಯುವ ನಾವು ನಮ್ಮದನ್ನು ತೆಗೆಸಿಕೊಂಡು ಎಷ್ಟು ವರ್ಷವಾಗಿರುತ್ತದೆ! ಇನ್ನೊಂದನ್ನು ಗಮನಿಸಿ. ರಜೆಯ ಎರಡನೇ ವಾರದಲ್ಲಿ ಮನಸ್ಸು ಸ್ವಲ್ಪ ಹಗುರಾದರೆ, ಯಾರದೋ ಮಾತಿಗೆ ನಗು ಬಂದರೆ, ಭಾರ ಹೆಚ್ಚಾಗಿ ಕೆಲಸದ್ದು. ಡ್ಯೂಟಿಯಿಂದ ದೂರ ಇದ್ದರೂ ಯಾವುದರಲ್ಲೂ ಖುಷಿ ಇಲ್ಲ, ನಿದ್ದೆ ಊಟ ಸರಿಹೋಗುತ್ತಿಲ್ಲ ಅಂತಾದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ರಾಜೀನಾಮೆ ಕೊಟ್ಟರೂ ಅದು ತಾನಾಗಿ ಹೋಗುವುದಿಲ್ಲ.

ರಜೆ ಮುಗಿದ ಮೇಲೆ ಇನ್‌ಚಾರ್ಜ್ ಅಥವಾ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋಗಿ. "ನನಗೆ ಆಗುತ್ತಿಲ್ಲ ಮೇಡಂ" ಅಂತ ಮಾತ್ರ ಹೇಳಬೇಡಿ. ಆ ಮಾತು ನಿಜವೇ, ಆದರೆ ಅದಕ್ಕೆ "ಸ್ವಲ್ಪ ಹೊಂದಿಕೊಳ್ಳಿ" ಅನ್ನುವ ಉತ್ತರ ರೆಡಿ ಇರುತ್ತದೆ. ಕಳೆದ ಮೂರು ತಿಂಗಳ ರೋಸ್ಟರ್ ಜೊತೆ ಹೋಗಿ. ಎಷ್ಟು ನೈಟ್, ಎಷ್ಟು ದಿನ ಆಫ್ ರದ್ದಾಯಿತು, ಎಷ್ಟು ಸಲ ನಾಲ್ಕು ರೋಗಿಗಳು, ಎಲ್ಲ ತಾರೀಕಿನ ಸಮೇತ. ಸಾಧ್ಯವಾದರೆ ಇನ್ನಿಬ್ಬರು ಸಿಸ್ಟರ್‌ಗಳನ್ನೂ ಕರೆದುಕೊಂಡು ಹೋಗಿ. ಮೂರು ತಿಂಗಳು ನೈಟ್ ಬೇಡ, ಅಥವಾ ಐಸಿಯು ಬಿಟ್ಟು ಬೇರೆ ಕಡೆ ಹಾಕಿ ಅಂತ ಒಂದೇ ಒಂದನ್ನು ಕೇಳಿ. ಒಪ್ಪಿದರೆ ಮೂರು ತಿಂಗಳು ಇದ್ದು ನೋಡಿ. ಒಪ್ಪದಿದ್ದರೆ ಆ ಪತ್ರ ಕೊಟ್ಟುಬಿಡಿ. ಅವತ್ತು ನಾನು ನಿಮ್ಮ ಪಕ್ಷ.

ಉಳಿದವರ ಗತಿ ಏನು ಅನ್ನುವ ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಜೊತೆಗೆ ರಾತ್ರಿ ಕಳೆದವರನ್ನು ಬಿಟ್ಟು ಬರುವುದು ಸುಲಭವಲ್ಲ. ಆದರೆ ಜನರನ್ನು ನೇಮಿಸಬೇಕಾದವರು ಬೇರೆ ಇದ್ದಾರೆ. ಆ ಜವಾಬ್ದಾರಿಯನ್ನು ನಿಮ್ಮ ಬೆನ್ನಿನ ಮೇಲೆ ಹೊತ್ತುಕೊಂಡಷ್ಟು ದಿನ ಅವರಿಗೆ ಅದು ಕಾಣುವುದೂ ಇಲ್ಲ.

ಬೆಡ್ ಪಕ್ಕದಿಂದ ಎದ್ದು ಬಂದರೆ ನರ್ಸಿಂಗ್ ಮುಗಿಯಿತು ಅಂತಲೂ ತಿಳಿಯಬೇಡಿ. ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರ ನಾವೆಲ್ಲ ನೋಡಿದವರೇ. ಕ್ರಿಮಿಯನ್ ಯುದ್ಧದ ಆಸ್ಪತ್ರೆಯಲ್ಲಿ ಅವರು ಇದ್ದದ್ದು 1854ರ ಕೊನೆಯಿಂದ 1856ರವರೆಗೆ, ಎರಡು ವರ್ಷವೂ ಇಲ್ಲ. ಅಲ್ಲಿ ಹತ್ತಿದ ಕಾಯಿಲೆಯಿಂದ ಬಳಲಿ, ಆಮೇಲೆ ಎಷ್ಟೋ ವರ್ಷ ಹೆಚ್ಚಾಗಿ ತಮ್ಮ ಕೋಣೆಯಲ್ಲೇ ಉಳಿದರು. ಅಲ್ಲಿಂದಲೇ ಸಾವಿನ ಅಂಕಿ-ಅಂಶ ಹಿಡಿದು ಸರ್ಕಾರದ ಬೆನ್ನು ಬಿದ್ದರು, 1860ರಲ್ಲಿ ನರ್ಸಿಂಗ್ ಶಾಲೆ ಶುರುವಾಗುವಂತೆ ಮಾಡಿದರು. ಅವರನ್ನು ಯಾರೂ ಕೆಲಸ ಬಿಟ್ಟು ಹೋದವರು ಅನ್ನುವುದಿಲ್ಲ. ಡಯಾಲಿಸಿಸ್, ಓಪಿಡಿ, ಸೋಂಕು ನಿಯಂತ್ರಣ, ಹೊಸ ನರ್ಸ್‌ಗಳಿಗೆ ಕಲಿಸುವುದು, ಮನೆಯಲ್ಲಿರುವ ರೋಗಿಗಳ ಆರೈಕೆ, ಹೀಗೆ ನಿಮ್ಮ ಒಂಬತ್ತು ವರ್ಷಕ್ಕೆ ಬೆಲೆ ಇರುವ ಜಾಗಗಳು ಬಹಳ ಇವೆ. ಅದ್ಯಾವುದೂ ಬೇಡ, ಪೂರ್ತಿ ಬೇರೆ ಕೆಲಸ ಬೇಕು ಅಂತ ಚೆನ್ನಾಗಿ ನಿದ್ದೆ ಮಾಡಿದ ಮೇಲೂ ಅನಿಸಿದರೆ, ಅದೂ ಸರಿಯೇ.

ಕೊನೆಗೆ ಏಳನೇ ಬೆಡ್‌ನವರ ಮಗಳು. ಐಸಿಯು ನರ್ಸ್‌ಗೆ ಒಂದು ಅನ್ಯಾಯವಾಗುತ್ತದೆ, ಇದನ್ನು ಯಾರೂ ಗಮನಿಸುವುದಿಲ್ಲ. ಸುಧಾರಿಸಿದವರು ಇನ್ನೂ ಪೂರ್ತಿ ಚೇತರಿಸಿಕೊಳ್ಳುವ ಮೊದಲೇ ವಾರ್ಡ್‌ಗೆ ಹೋಗಿಬಿಡುತ್ತಾರೆ. ಅವರು ಎದ್ದು ಕೂತದ್ದು, ನಡೆದದ್ದು, ಮನೆಗೆ ಹೊರಟದ್ದು ನೀವು ನೋಡುವುದಿಲ್ಲ. ಉಳಿಯದವರು ಮಾತ್ರ ಕೊನೆಯವರೆಗೂ ನಿಮ್ಮ ಕಣ್ಣೆದುರೇ ಇರುತ್ತಾರೆ. ಒಂಬತ್ತು ವರ್ಷ ಅರ್ಧ ಕಥೆಯನ್ನಷ್ಟೇ ನೋಡಿದರೆ, ನಾನು ಮಾಡಿದ್ದರಿಂದ ಏನಾಯಿತು ಅಂತ ಯಾರಿಗಾದರೂ ಅನಿಸುತ್ತದೆ.

ಅವರು ಇನ್ನೂ ವಾರ್ಡ್‌ನಲ್ಲಿದ್ದರೆ ಡ್ಯೂಟಿ ಮುಗಿದ ಮೇಲೆ ಐದು ನಿಮಿಷ ಹೋಗಿ ಬನ್ನಿ. ಆ ಹುಡುಗಿಗೆ "ಅವತ್ತು ನಾನು ರೇಗಬಾರದಿತ್ತು" ಅಂತ ಹೇಳಿ, ಅಷ್ಟು ಸಾಕು, ಕಾರಣ ಕೊಡಬೇಡಿ. ಆಮೇಲೆ ಬೆಡ್ ಹತ್ತಿರ ನಿಂತು ಅವರ ಅಪ್ಪನ ಹೆಸರು ಹಿಡಿದು ಮಾತಾಡಿಸಿ. ಕಣ್ಣು ಬಿಟ್ಟಿರುತ್ತಾರೆ, ನೋಡಿಕೊಂಡು ಬನ್ನಿ.