ಹರಕೆ, ಹಟ ಮತ್ತು ಹೆಸರಿಲ್ಲದ ಮಗಳು

‘ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 11ನೆಯ ಅಧ್ಯಾಯವನ್ನು ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಯುದ್ಧ ಗೆದ್ದು ಬಂದರೆ ಮನೆಯ ಬಾಗಿಲಿನಿಂದ ಎದುರುಬಂದದ್ದನ್ನು ಬಲಿಕೊಡುವೆನೆಂದು ಇಸ್ರಾಯೇಲಿನ ನಾಯಕ ಯೆಪ್ತಾಹ ಹರಕೆ ಹೊತ್ತ; ದಮ್ಮಡಿ ಬಡಿಯುತ್ತ ಬಂದವಳು ಒಬ್ಬಳೇ ಮಗಳು. ಇಂಥ ಕಥೆಗಳಿಗೆ ಯೆಹೂದಿ ವ್ಯಾಖ್ಯಾನಕಾರರು ತೇಪೆ ಹಚ್ಚುತ್ತ ಬಂದಿದ್ದಾರಲ್ಲವೇ?’
— ಹಾಸನದ ಓದುಗರೊಬ್ಬರು

ಮಾನ್ಯರೇ, ನಿದ್ದೆಗೆಟ್ಟು ಯೋಚಿಸುವ ಓದುಗರು ಪತ್ರಿಕೆಯ ಪುಣ್ಯ. ಆದರೆ ನಿಮ್ಮ ತೀರ್ಪಿನಲ್ಲಿ ಆತುರವಿದೆ.

ತೇಪೆ ಹಚ್ಚಿದವರೇ ಇಲ್ಲವೆನ್ನಲಾರೆ. ನಾರ್ಬೋನಿನ ವ್ಯಾಖ್ಯಾನಕಾರ ದಾವೀದ್ ಕಿಮ್ಹಿ (1160–1235) ‘ಅದು ದೇವರದಾಗುವುದು, ಮತ್ತು ಅದನ್ನು ಬಲಿಕೊಡುವೆನು’ ಎಂಬ ಹರಕೆಯ ಮಾತಿನಲ್ಲಿರುವ ‘ಮತ್ತು’ ಎಂಬುದನ್ನು ‘ಅಥವಾ’ ಎಂದು ಓದಿ, ಹುಡುಗಿ ಸಾಯಲಿಲ್ಲ, ಮದುವೆಯಿಲ್ಲದೆ ಏಕಾಂತದಲ್ಲಿ ಬದುಕಿದಳು ಎಂದ. ಜಾಣ ಓದು. ಆದರೆ ಇಂಥ ಸಮಾಧಾನವನ್ನು ಒಪ್ಪದವನು ಹೊರಗಿನ ವಿಮರ್ಶಕನಲ್ಲ, ಗಿರೋನಾದ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ನಹ್ಮಾನಿದೀಸ್ (1194–1270): ಯೆಪ್ತಾಹ ಕೊಂದದ್ದು ನಿಜ, ಅಂಥ ಹರಕೆಗೆ ಬಲವಿದೆಯೆಂದು ಅವನು ತಿಳಿದದ್ದೇ ತಪ್ಪು ಎಂದು ಆತ ಬರೆದ.

ನನಗಾದರೋ ಅವರಿಬ್ಬರಿಗಿಂತ ಹಳಬರಾದ, ಮಿದ್ರಾಶ್ ಎಂಬ ಪ್ರಾಚೀನ ಬೈಬಲ್ ವ್ಯಾಖ್ಯಾನಗಳ ರಬ್ಬಿಗಳು ಹೆಚ್ಚು ಪ್ರಿಯ. ಅವರ ಪ್ರಕಾರ ಹರಕೆಯಿಂದ ಬಿಡುಗಡೆ ಕೊಡಬಲ್ಲ ಮಹಾಯಾಜಕ ಫೀನೆಹಾಸ ಬದುಕಿಯೇ ಇದ್ದ. ಮಹಾಯಾಜಕನಾದ ನಾನು ಆ ಅಜ್ಞಾನಿಯ ಬಳಿಗೆ ಹೋಗಲೇ ಎಂದು ಇವನು, ಇಸ್ರಾಯೇಲಿನ ನಾಯಕನಾದ ನಾನು ಅವನ ಬಳಿಗೆ ಹೋಗಲೇ ಎಂದು ಅವನು. ಈ ಇಬ್ಬರ ದೊಡ್ಡಸ್ತಿಕೆಯ ನಡುವೆ ಹುಡುಗಿ ಸತ್ತಳು. ರಬ್ಬಿಗಳು ಇಬ್ಬರನ್ನೂ ಬಿಡಲಿಲ್ಲ: ಫೀನೆಹಾಸನಿಂದ ಪವಿತ್ರಾತ್ಮ ತೊಲಗಿತು, ಯೆಪ್ತಾಹನ ಅಂಗಗಳು ಒಂದೊಂದಾಗಿ ಉದುರಿ ಒಂದೊಂದು ಊರಿನಲ್ಲಿ ಹೂಳಲ್ಪಟ್ಟವು, ಮೂಲದಲ್ಲಿ ಅವನನ್ನು ಗಿಲ್ಯಾದಿನ ‘ಊರುಗಳಲ್ಲಿ’ ಹೂಳಿದರೆಂದು ಬಹುವಚನವಿರುವುದೇ ಅವರಿಗೆ ಸಾಕ್ಷಿ! ತನ್ಹೂಮಾ ಎಂಬ ಮಿದ್ರಾಶ್ ಸಂಕಲನದಲ್ಲಂತೂ ಮಗಳೇ ವಾದಕ್ಕೆ ನಿಲ್ಲುತ್ತಾಳೆ: ಯಾಕೋಬನು ದೇವರು ಕೊಟ್ಟದ್ದರಲ್ಲೆಲ್ಲ ಹತ್ತರಲ್ಲೊಂದು ಪಾಲು ಕೊಡುವೆನೆಂದು ಹರಕೆ ಹೊತ್ತಿದ್ದನಲ್ಲ, ಹನ್ನೆರಡು ಗಂಡುಮಕ್ಕಳಲ್ಲಿ ಒಬ್ಬನನ್ನಾದರೂ ಬಲಿಕೊಟ್ಟನೇ? ಅಪ್ಪ ಕಿವಿಗೊಡಲಿಲ್ಲ. ಶಾಸ್ತ್ರ ಬಲ್ಲವಳು ಸತ್ತಳು, ಬಾರದವನು ಕತ್ತಿ ಹಿಡಿದ. ಇದನ್ನು ತೇಪೆ ಎನ್ನುತ್ತೀರಾ?

ನಿಜವಾದ ತೇಪೆಯನ್ನು ನಾನು ಕಂಡದ್ದು ಕೆಲಸ ಕಲಿತ ವಾರಪತ್ರಿಕೆಯೊಂದರಲ್ಲಿ. ಮಕ್ಕಳ ಪುಟಕ್ಕೆ ಬಂದ ಈ ಕಥೆಯಿಂದ ಹಿರಿಯರೊಬ್ಬರು ಮಗಳನ್ನೇ ಹೊಡೆದುಹಾಕಿ, ‘ಯೆಪ್ತಾಹ ಗೆದ್ದು ಸುಖವಾಗಿ ಮನೆಗೆ ಬಂದ’ ಎಂದು ಮುಗಿಸಿದ್ದರು. ಈಗಲೂ ಯಾವುದೇ ಧರ್ಮದ ಕಥೆಗೆ ಲೇಖಕರೊಬ್ಬರು ಅಡ್ಡ ಪ್ರಶ್ನೆ ಹಾಕಿದರೆ ಮೂರನೆಯ ದಿನಕ್ಕೆ ನನ್ನ ಮೇಜಿನ ಮೇಲೆ ಭಾವನೆ ನೊಂದವರ ಪತ್ರಗಳು ಬೀಳುತ್ತವೆ. ಬರೆದವರಲ್ಲಿ ಮೂಲ ಓದಿದವರು ವಿರಳ. ರಬ್ಬಿಗಳಾದರೋ ಅಕ್ಷರ ಅಕ್ಷರವನ್ನು ಓದಿದ್ದರಿಂದಲೇ ಜಗಳಕ್ಕೆ ನಿಂತರು. ‘ನಾನು ಆಜ್ಞಾಪಿಸಲಿಲ್ಲ, ಹೇಳಲಿಲ್ಲ, ನನ್ನ ಮನಸ್ಸಿಗೂ ಬರಲಿಲ್ಲ’ ಎಂದು ಮಕ್ಕಳ ಬಲಿಯ ಬಗ್ಗೆ ದೇವರು ಹೇಳುವ, ಪ್ರವಾದಿ ಯೆರೆಮೀಯನ ಪುಸ್ತಕದ ಮಾತನ್ನು ರಬ್ಬಿಗಳ ಚರ್ಚೆಗಳ ಮಹಾಗ್ರಂಥವಾದ ತಾಲ್ಮುದ್ ಮೂರಾಗಿ ಬಿಡಿಸಿ, ಒಂದನ್ನು ಯೆಪ್ತಾಹನ ಮಗಳಿಗೂ ಇನ್ನೊಂದನ್ನು ಅಬ್ರಹಾಮನ ಮಗ ಇಸಾಕನಿಗೂ ಅನ್ವಯಿಸುತ್ತದೆ.

ನೀವು ಕೇಳದ ಒಂದು ಪ್ರಶ್ನೆ ಉಳಿಯಿತು. ವರ್ಷಕ್ಕೆ ನಾಲ್ಕು ದಿನ ಇಸ್ರಾಯೇಲಿನ ಹೆಣ್ಣುಮಕ್ಕಳು ಆಕೆಗಾಗಿ ಶೋಕಿಸುತ್ತಿದ್ದರೆಂದು ಹೇಳುವ ಆ ಅಧ್ಯಾಯ, ಆಕೆಯ ಹೆಸರನ್ನು ಮಾತ್ರ ಹೇಳುವುದಿಲ್ಲ. ಸುಮಾರು 1ನೆಯ ಶತಮಾನದ, ತನ್ನ ಹೆಸರನ್ನೂ ಉಳಿಸದ ಯೆಹೂದಿ ಬರಹಗಾರನೊಬ್ಬ ಅವಳನ್ನು ಸೇಲಾ ಎಂದು ಕರೆದು, ಬೆಟ್ಟದ ಮೇಲೆ ಅವಳ ಬಾಯಲ್ಲೇ ದೀರ್ಘವಾದ ಪ್ರಲಾಪವನ್ನು ಹಾಡಿಸಿದ. ನಿಮ್ಮ ಮೂರನೆಯ ರಾತ್ರಿಗೆ ಅದನ್ನು ಓದಿ.