ಪ್ರೌಢಶಾಲೆಯ ವಿದ್ಯಾರ್ಥಿಯ ಸಂಶೋಧನೆಯಿಂದ ಸಾರ್ವಜನಿಕ ಆರೋಗ್ಯಕ್ಕೆ ನಿಜವಾಗಿ ಉಪಯೋಗವಾಗುತ್ತದೆಯೇ?

ಆಗುತ್ತದೆ. ಪ್ರಶ್ನೆ ಚಿಕ್ಕದಾಗಿದ್ದು, ಉತ್ತರಕ್ಕೆ ಬೇಕಾದ ಮಾಹಿತಿ ಆ ವಯಸ್ಸಿನವರ ಕೈಗೆಟುಕುವಂತಿರಬೇಕು, ಅಷ್ಟೆ.

ಅಮೆರಿಕದ ಆಲ್ಬುಕರ್ಕಿಯ ಲಾರಾ ಗ್ಲಾಸ್ ಇದಕ್ಕೆ ಒಳ್ಳೆಯ ನಿದರ್ಶನ. ಶಾಲಾ ವಿಜ್ಞಾನ ಮೇಳಕ್ಕೆಂದು ಆಕೆ ಎತ್ತಿಕೊಂಡ ವಿಷಯ, ಜನರ ಒಡನಾಟದ ಜಾಲದಲ್ಲಿ ಸೋಂಕು ಹೇಗೆ ಹರಡುತ್ತದೆ ಎಂಬುದು. ತಂದೆ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿ. ಆ ನೆರವು ಸಣ್ಣದೇನಲ್ಲ. ಮೇಳದ ಆ ಕೆಲಸ ಬೆಳೆದು 2006ರಲ್ಲಿ 'ಎಮರ್ಜಿಂಗ್ ಇನ್ಫೆಕ್ಷಿಯಸ್ ಡಿಸೀಸಸ್' ಪತ್ರಿಕೆಯಲ್ಲಿ ಪ್ರಬಂಧವಾಯಿತು. ಲೇಖಕರಲ್ಲಿ ಆಕೆಯೂ ಒಬ್ಬಳು. ಹತ್ತು ಸಾವಿರ ಜನರ ಕಾಲ್ಪನಿಕ ಪಟ್ಟಣವೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದಾಗ, 1957ರ ಏಷ್ಯನ್ ಫ್ಲೂನಷ್ಟು ಸಾಂಕ್ರಾಮಿಕವಾದ ಜ್ವರಕ್ಕೆ ಶಾಲೆ ಮುಚ್ಚಿ, ಮಕ್ಕಳನ್ನೂ ಹದಿಹರೆಯದವರನ್ನೂ ಮನೆಯಲ್ಲೇ ಇರಿಸಿದರೆ ಸೋಂಕಿತರ ಪ್ರಮಾಣ ಶೇ 90ಕ್ಕೂ ಹೆಚ್ಚು ಇಳಿಯಿತು.

ಕಾರಣ ಸರಳ: ತರಗತಿ, ಆಟ, ಗೆಳೆಯರ ಗುಂಪು ಎಂದು ಮಕ್ಕಳ ಒಡನಾಟ ದಟ್ಟ. ಆ ಕೊಂಡಿಗಳು ಕಡಿದರೆ ರೋಗಕ್ಕೆ ಮನೆಯಿಂದ ಮನೆಗೆ ದಾಟುವ ಮುಖ್ಯ ದಾರಿಯೇ ಇಲ್ಲ. ಯಾರು ಯಾರೊಂದಿಗೆ ಬೆರೆಯುತ್ತಾರೆ ಎಂಬುದು ವಿದ್ಯಾರ್ಥಿಗೆ ತಿಳಿದಷ್ಟು ಹಿರಿಯ ವಿಜ್ಞಾನಿಗೆ ತಿಳಿದಿರುವುದು ಅನುಮಾನ. 2008ರಲ್ಲಿ ತಂದೆ ಮಗಳು ಪ್ರಕಟಿಸಿದ ಇನ್ನೊಂದು ಪ್ರಬಂಧಕ್ಕೆ ವಿದ್ಯಾರ್ಥಿಗಳ ಒಡನಾಟದ ಸಮೀಕ್ಷೆಯೇ ಆಧಾರ.