ಅತಿಥಿಗಳ ಬಚ್ಚಲುಮನೆ: ಯಾರು, ಯಾವಾಗ, ಹೇಗೆ ಹೇಳಬೇಕು?

ಶಿರಸಿ ತಾಲ್ಲೂಕಿನ ಓದುಗರೊಬ್ಬರು ಬರೆದ ದೀರ್ಘ ಪತ್ರದ ಸಾರಾಂಶ ಹೀಗಿದೆ: ತೋಟದ ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿ, ಯಾಣ, ಸಹಸ್ರಲಿಂಗ ನೋಡಲು ಬರುವವರಿಗೆ ಒಂದೆರಡು ದಿನದ ಮಟ್ಟಿಗೆ ಕೊಡುತ್ತಿದ್ದಾರೆ. ಬಂದವರಲ್ಲಿ ಕೆಲವರು ಪ್ಯಾಡು, ಡಯಾಪರುಗಳನ್ನು ಕಮೋಡಿಗೇ ಹಾಕುತ್ತಾರೆ. ಕೆಲವರು ಫ್ಲಶ್ ಸಹ ಮಾಡದೆ ಹೊರಟುಹೋಗುತ್ತಾರೆ. ಒದ್ದೆ ನೆಲ, ಉದುರಿದ ಕೂದಲು, ಕೊಳೆ ಟವೆಲುಗಳ ದೂರೂ ಇದೆ. ಫಲಕ ಬರೆಸಿ ಹಾಕೋಣವೆಂದರೆ ಅತಿಥಿಗಳಿಗೆ ಅವಮಾನವಾದೀತು ಎಂದು ಯಜಮಾನರು ತಡೆಯುತ್ತಾರೆ. ಬಾಯಿಬಿಟ್ಟು ಹೇಳೋಣವೆಂದರೆ, ಅಂಥ ಮಾತನ್ನು ಹೊರಗಿನವರೆದುರು ಆಡುವುದುಂಟೇ ಎಂದು ಅತ್ತೆಯವರು ಬೇಸರಿಸುತ್ತಾರೆ. ಪೈಪು ಕಟ್ಟಿಕೊಂಡ ದಿನದಿಂದ, ತೊಳೆಯಲು ಬರುತ್ತಿದ್ದ ಹೆಂಗಸೂ ಹಟ ಹಿಡಿದು ಬರುವುದನ್ನು ನಿಲ್ಲಿಸಿದ್ದಾರೆ. ಹೀಗಿರುವಾಗ ಕಟ್ಟುನಿಟ್ಟಾಗಿ ಹೇಳುವುದು ಸತ್ಕಾರಕ್ಕೆ ಕುಂದೇ, ಹಾಳು ಮಾಡಿದವರಿಂದ ದಂಡ ವಸೂಲು ಮಾಡಬಹುದೇ ಎಂದು ಅವರು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಮುಖ್ಯವಾಗಿ ನನ್ನ ಗಮನಕ್ಕೆ ಬಂದದ್ದು ಅತಿಥಿಗಳ ತಪ್ಪಲ್ಲ, ಮನೆಯೊಳಗಿನ ಸಂಕೋಚ. ಯಜಮಾನರೂ ಅತ್ತೆಯವರೂ ಆಡಬಾರದೆನ್ನುವ ಮಾತನ್ನು ಆಡದೆ ಉಳಿಸಿದಾಗ ಅದರ ಹೊರೆ ಅವರಿಬ್ಬರ ಮೇಲೆ ಬೀಳುವುದಿಲ್ಲ. ಮರುದಿನ ಬೆಳಿಗ್ಗೆ ಬ್ರಷ್ಷು ಹಿಡಿದು ಒಳಗೆ ಹೋಗುವವರ ಮೇಲೆ ಬೀಳುತ್ತದೆ, ಅಂದರೆ ನಿಮ್ಮ ಮೇಲೆ ಅಥವಾ ಆ ಹೆಂಗಸಿನ ಮೇಲೆ. ಆದ್ದರಿಂದ ಹೇಳಲೇಬೇಕು, ಮತ್ತು ಕೊಳೆಯಾದ ಮೇಲೆ ಹೇಳದೆ, ಕೋಣೆಯ ಬೀಗದ ಕೈ ಕೊಡುವ ಹೊತ್ತಿಗೇ ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಸಿನೀರು ಯಾವ ನಲ್ಲಿಯಲ್ಲಿ ಬರುತ್ತದೆ ಎಂದು ತೋರಿಸುವಾಗಲೇ, ‘ನಮ್ಮದು ಊರಿನ ಚರಂಡಿಗೆ ಸೇರಿದ ಪೈಪಲ್ಲ, ಹಿತ್ತಲಿನ ಗುಂಡಿಗೇ ಹೋಗುತ್ತದೆ; ದಯವಿಟ್ಟು ಪ್ಯಾಡು, ಡಯಾಪರು, ವೈಪ್ಸ್ ಯಾವುದನ್ನೂ ಕಮೋಡಿಗೆ ಹಾಕಬೇಡಿ, ಈ ಡಬ್ಬಿಗೆ ಹಾಕಿ’ ಎಂದರೆ ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದವರಿಗೆ ಫ್ಲಶ್ ಮಾಡಿದ್ದು ಎಲ್ಲಿಗೆ ಹೋಗುತ್ತದೆಂದು ಯೋಚಿಸುವ ಪ್ರಸಂಗವೇ ಬಂದಿರುವುದಿಲ್ಲ. ಕಾರಣ ತಿಳಿದರೆ ಹೆಚ್ಚಿನವರು ಒಪ್ಪಿ ನಡೆಯುತ್ತಾರೆ. ಈ ಮಾತನ್ನು ಯಜಮಾನರೇ ಆಡುವುದು ಇನ್ನೂ ಒಳ್ಳೆಯದು. ಮುಟ್ಟಿನ ಬಟ್ಟೆಯ ವಿಷಯ ಹೆಂಗಸರಿಗೆ ಮಾತ್ರ ಸೇರಿದ್ದು, ಅದೂ ಪಿಸುಮಾತಿನಲ್ಲಿ, ಎಂಬ ರೂಢಿಯನ್ನು ನಿಮ್ಮ ಮನೆಯಲ್ಲಿ ಮುರಿಯಲು ಇದೊಂದು ಸದವಕಾಶವೆಂದೇ ನಾನು ಭಾವಿಸುತ್ತೇನೆ. ಫಲಕವೂ ಇರಲಿ. ಆದರೆ ಅದರಲ್ಲಿ ‘ಎಚ್ಚರಿಕೆ’, ‘ಕಡ್ಡಾಯ’ ಎಂಬಂಥ ಪದಗಳು ಬೇಡ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎರಡೆರಡು ಸಾಲು, ಕಮೋಡಿನ ಮೇಲುಗಡೆ, ಕಣ್ಣಿಗೆ ಬೀಳುವ ಎತ್ತರದಲ್ಲಿ ಸಾಕು.

ಹೇಳುವ ಮೊದಲು ಒಂದು ಸಂಗತಿಯನ್ನು ನೀವೇ ಪರೀಕ್ಷಿಸಿಕೊಳ್ಳಬೇಕು. ಆ ಬಚ್ಚಲಿನಲ್ಲಿ ಮುಚ್ಚಳವಿರುವ ಡಬ್ಬಿ ಇದೆಯೇ, ಪ್ಯಾಡನ್ನು ಸುತ್ತಿಡಲು ಹಳೆಯ ಪತ್ರಿಕೆಯ ಹಾಳೆಗಳಿವೆಯೇ? ಡಬ್ಬಿಯಿಲ್ಲದ ಕೋಣೆಯಲ್ಲಿ ಪರಸ್ಥಳದ ಹುಡುಗಿಯೊಬ್ಬಳು ರಾತ್ರಿ ಹನ್ನೊಂದು ಗಂಟೆಗೆ ಪ್ಯಾಡನ್ನು ಎಲ್ಲಿ ಹಾಕಬೇಕು? ಫ್ಲಶ್ ಮಾಡದೆ ಹೋದವರ ವಿಷಯವೂ ಹೀಗೆಯೇ. ಮಲೆನಾಡಿನಲ್ಲಿ ಗಾಳಿಮಳೆಗೆ ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಮೇಲಿನ ಟ್ಯಾಂಕು ಬರಿದಾದರೆ ಫ್ಲಶ್‌ನಲ್ಲಿ ನೀರಿರುವುದಿಲ್ಲ, ಅದನ್ನು ಹೇಳಲು ಅತಿಥಿಗೂ ನಾಚಿಕೆಯಾಗುತ್ತದೆ. ಒಂದು ದೊಡ್ಡ ಬಕೆಟ್ ನೀರು ತುಂಬಿಸಿ ಕಮೋಡಿನ ಪಕ್ಕದಲ್ಲಿ ಸದಾ ಇಡಿ, ಕರೆಂಟಿಲ್ಲದಾಗ ಅದನ್ನೇ ಸುರಿಯುವಂತೆ ತಿಳಿಸಿ. ನೆಲ ಒದ್ದೆಯೆಂಬ ದೂರಿಗೆ ಒಂದು ವೈಪರು, ಕೂದಲಿನ ದೂರಿಗೆ ನೀರು ಹೋಗುವಲ್ಲಿ ಎತ್ತಿ ತೊಳೆಯಬಹುದಾದ ಜಾಲರಿ ಸಾಕು. ಮಳೆಗಾಲದಲ್ಲಿ ಹೊರಗಿನ ಬಚ್ಚಲಿನ ಮೆಟ್ಟಿಲಿಗೆ ಪಾಚಿ ಕಟ್ಟದಂತೆ ವಾರಕ್ಕೊಮ್ಮೆ ಉಜ್ಜಿಸಿ. ಅಲ್ಲಿ ಜಾರಿ ಬಿದ್ದರೆ ಅದು ಅತಿಥಿಯ ತಪ್ಪಲ್ಲ.

ಇನ್ನು ಗುಂಡಿಯ ವಿಷಯ. ಪ್ಯಾಡಿನೊಳಗಿನ ಹೀರುವ ಪುಡಿ ನೀರು ಕುಡಿದು ಉಬ್ಬುತ್ತದೆ. ಹೊರಪದರ ಪ್ಲಾಸ್ಟಿಕ್ಕಿನದಾದ್ದರಿಂದ ಕೊಳೆಯುವುದಿಲ್ಲ. ಆದ್ದರಿಂದ ಅದು ಕಮೋಡಿನ ಬಾಗಿನಲ್ಲಿಯೋ ಪೈಪಿನ ತಿರುವಿನಲ್ಲಿಯೋ ಸಿಕ್ಕಿಕೊಳ್ಳುತ್ತದೆ, ಅಲ್ಲಿ ದಾಟಿದರೆ ಟ್ಯಾಂಕಿನಲ್ಲಿ ಉಳಿಯುತ್ತದೆ. ಮನೆಯ ಐದಾರು ಜನರ ಲೆಕ್ಕಕ್ಕೆ ಕಟ್ಟಿಸಿದ ಸೆಪ್ಟಿಕ್ ಟ್ಯಾಂಕಿಗೆ ವಾರದ ಕೊನೆಯಲ್ಲಿ ಇನ್ನೂ ಹತ್ತು ಜನರ ನೀರು ಸೇರಿದರೆ, ಕೊಳೆ ತಳಕ್ಕೆ ಕೂರುವಷ್ಟು ಸಮಯ ಸಿಗದೆ ನೇರವಾಗಿ ಇಂಗುಗುಂಡಿಗೆ ಹರಿಯುತ್ತದೆ. ನಮ್ಮ ಕೆಂಪುಕಲ್ಲಿನ ನೆಲದಲ್ಲಿ ತೂತುಗಳು ಹೆಚ್ಚು, ನೀರು ಬೇಗ ಸರಿಯುತ್ತದೆ. ಮನೆ ಮೇಲೆ, ತೋಟ ಕೆಳಗೆ ಇರುವ ನಮ್ಮ ಕಡೆಯ ಜಾಗಗಳಲ್ಲಿ ಬಾವಿ ಇಂಗುಗುಂಡಿಯ ಕೆಳಮಗ್ಗುಲಿಗಿದ್ದರೆ, ಅದರಲ್ಲೂ 50 ಅಡಿಗಿಂತ ಹತ್ತಿರವಿದ್ದರೆ, ಬಾವಿಯ ನೀರನ್ನು ಮಳೆಗಾಲದ ನಂತರ ಪರೀಕ್ಷೆ ಮಾಡಿಸದೆ ಯಾರಿಗೂ ಕುಡಿಯಲು ಕೊಡಬೇಡಿ. ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ವಾಸನೆಯೆಂದು ಫಿನಾಯಿಲು, ಬ್ಲೀಚಿಂಗ್ ಪೌಡರುಗಳನ್ನು ವಿಪರೀತ ಸುರಿದರೆ ಟ್ಯಾಂಕಿನಲ್ಲಿ ಕೊಳೆಯನ್ನು ಕರಗಿಸುವ ಸೂಕ್ಷ್ಮಾಣುಗಳೇ ಸಾಯುತ್ತವೆ. ಕಮೋಡು ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಎಂದಿಗೂ ಒಟ್ಟಿಗೆ ಬಳಸಬಾರದು. ಅವು ಸೇರಿದಾಗ ಏಳುವ ಕ್ಲೋರಿನ್ ಅನಿಲ ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ.

ಡಬ್ಬಿಯಲ್ಲಿ ಸೇರಿದ್ದನ್ನು ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಡಿಕೆ ಸಿಪ್ಪೆಯ ಜೊತೆಗೆ ಬಚ್ಚಲೊಲೆಗೆ ಹಾಕುವ ಅಭ್ಯಾಸ ಹಲವು ಮನೆಗಳಲ್ಲಿದೆ. ಆ ಪ್ಲಾಸ್ಟಿಕ್ ಹೊಗೆಯನ್ನು ಉಸಿರಾಡುವವರು ಹಂಡೆಯ ಮುಂದೆ ಕೂತು ಬೆಂಕಿ ಒಟ್ಟುವವರೇ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥ ತ್ಯಾಜ್ಯವನ್ನು ಸುತ್ತಿಕೊಡಬೇಕೆಂದು ಹೇಳಿದವು, ಬಯಲಿನಲ್ಲಿ ಕಸ ಸುಡುವುದನ್ನೂ ನಿಷೇಧಿಸಿದವು. ಸುತ್ತಿ, ಗುರುತು ಮಾಡಿ, ಬೇರೆಯಾಗಿಟ್ಟು ಗ್ರಾಮ ಪಂಚಾಯಿತಿಯ ಕಸದ ವಾಹನಕ್ಕೆ ಕೊಡಿ. ವಾಹನ ನಿಮ್ಮ ಕೇರಿಗೆ ಬರುತ್ತಿಲ್ಲವಾದರೆ ಊರಿನ ಉಳಿದ ಹೋಂಸ್ಟೇಯವರ ಜೊತೆ ಸೇರಿ ಪಂಚಾಯಿತಿಗೆ ಅರ್ಜಿ ಕೊಡಿ. ಒಬ್ಬರೇ ಕೇಳುವುದಕ್ಕೂ ಹತ್ತು ಮನೆಯವರು ಕೇಳುವುದಕ್ಕೂ ವ್ಯತ್ಯಾಸವಿದೆ.

ದಂಡದ ಬಗ್ಗೆ: ಒದ್ದೆ ನೆಲಕ್ಕೆ, ಕೂದಲಿಗೆ, ಕೊಳೆ ಟವೆಲಿಗೆ ಹಣ ಕೇಳುವುದು ಸಲ್ಲದು, ಅದು ಬಾಡಿಗೆಯಲ್ಲಿಯೇ ಸೇರಿದ ಕೆಲಸ. ಡಯಾಪರು ಹಾಕಿ ಪೈಪು ಕಟ್ಟಿಸಿದರೆ ರಿಪೇರಿಯ ಖರ್ಚು ಕೇಳಬಹುದು. ಆದರೆ ಕೋಣೆ ಗೊತ್ತುಮಾಡುವಾಗಲೇ ಬರಹದಲ್ಲಿ ತಿಳಿಸಿರಬೇಕು, ಇಂಥವರೇ ಹಾಕಿದ್ದೆಂಬುದು ನಿಸ್ಸಂದೇಹವಾಗಿರಬೇಕು. ಅತಿಥಿಗಳು ಇರುವಷ್ಟು ದಿನ ಅವರನ್ನು ಕೇಳದೆ ಬಚ್ಚಲಿನೊಳಗೆ ಹೋಗಿ ನೋಡುವುದೂ ತಪ್ಪು. ತೊಳೆಯಲು ಯಾವ ಹೊತ್ತಿಗೆ ಬರಲಿ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಕೊನೆಯದಾಗಿ, ಬರುವುದನ್ನು ನಿಲ್ಲಿಸಿದ ಆ ಹೆಂಗಸಿನ ವಿಷಯ. ಅವರು ಹಟ ಮಾಡುತ್ತಿದ್ದಾರೆಂದು ಬರೆದಿದ್ದೀರಿ, ನನಗೆ ಹಾಗೆನಿಸುವುದಿಲ್ಲ. ಪೈಪಿನೊಳಗೆ ಬರಿಗೈ ಹಾಕಿ ಇನ್ನೊಬ್ಬರ ಪ್ಯಾಡು ತೆಗೆಯುವ ಕೆಲಸವನ್ನು ಯಾರೂ ಯಾರಿಗೂ ಹೇಳಬಾರದು. ಉದ್ದ ಕೈಯ ರಬ್ಬರ್ ಗ್ಲೌಸು, ಕಮೋಡಿಗೊಂದು ನೆಲಕ್ಕೊಂದು ಬೇರೆ ಬ್ರಷ್ಷು, ಹೆಚ್ಚಿನ ಸಂಬಳ, ಇಷ್ಟನ್ನು ಮೊದಲು ಒಪ್ಪಿಕೊಂಡು ಅವರ ಮನೆಗೆ ನೀವಿಬ್ಬರೂ ಹೋಗಿ ಕರೆಯಿರಿ. ಕಟ್ಟಿಕೊಂಡ ಪೈಪಿಗೆ ಪ್ಲಂಬರನ್ನು, ತುಂಬಿದ ಟ್ಯಾಂಕಿಗೆ ಹೀರುವ ಯಂತ್ರದ ಲಾರಿಯನ್ನೇ ಕರೆಸಿ. ಎಷ್ಟೇ ಅವಸರವಿದ್ದರೂ, ಯಾರು ತಾವಾಗಿಯೇ ಒಪ್ಪಿದರೂ, ಮನುಷ್ಯರನ್ನು ಟ್ಯಾಂಕಿಗೆ ಇಳಿಸಬೇಡಿ. ಮುಚ್ಚಿದ ಟ್ಯಾಂಕಿನ ಅನಿಲಕ್ಕೆ ಕ್ಷಣದಲ್ಲಿ ಪ್ರಜ್ಞೆ ತಪ್ಪುತ್ತದೆ, ಎತ್ತಲು ಇಳಿದವರೂ ಸಾಯುತ್ತಾರೆ; ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಮಳೆ ಹಿಡಿದ ಮೇಲೆ ತೋಟದ ಮಣ್ಣುರಸ್ತೆಯಲ್ಲಿ ಲಾರಿ ಬರಲಾರದು, ಆದ್ದರಿಂದ ಮೇ ತಿಂಗಳು ಮುಗಿಯುವುದರೊಳಗೆ ಆ ಕೆಲಸ ಮಾಡಿಸಿಕೊಳ್ಳಿ.

– ಸಂ.